ಮಿಲಿಷಿಯಾದವರಿಗೆ ನೀಲಿ ಕೋಟು ಇತ್ತಾ, ಇರಲಿಲ್ವಾ? (1814, ಬ್ಲೇಡೆನ್ಸ್‌ಬರ್ಗ್)

ಹಾಸನದ_ಅಮ್ಮು
ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ಮೇರಿಲ್ಯಾಂಡಿನಲ್ಲಿ. ಮಗ ಎಂಟನೇ ಕ್ಲಾಸು. ಅವನ ಶಾಲೆಯಲ್ಲಿ ಬ್ಲೇಡೆನ್ಸ್‌ಬರ್ಗ್ ಕದನದ ಮೇಲೆ ಒಂದು ಪುಟ್ಟ ನಾಟಕ ಮಾಡಿಸುತ್ತಿದ್ದಾರೆ. 1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಶುರುವಾದ ಯುದ್ಧದಲ್ಲಿ, 1814ರ ಆಗಸ್ಟ್ 24ರಂದು ನಡೆದ ಕದನ. ಮಧ್ಯಾಹ್ನ ಇಲ್ಲಿ ಗೆದ್ದ ಬ್ರಿಟಿಷರು ಅದೇ ರಾತ್ರಿ ವಾಷಿಂಗ್ಟನ್ನಿಗೆ ಹೋಗಿ ಬೆಂಕಿ ಇಟ್ಟರು. ನನ್ನ ಮಗನದು ಮಿಲಿಷಿಯಾದವನ ಪಾತ್ರ. ಅಂದ್ರೆ ಸಂಬಳದ ಸಿಪಾಯಿ ಅಲ್ಲ. ಹೊಲ, ಅಂಗಡಿ ನೋಡಿಕೊಂಡಿದ್ದು, ಕರೆ ಬಂದಾಗ ಕೋವಿ ಹಿಡಿದು ಹೋಗುವವನು.

ಆನ್‌ಲೈನಿನಲ್ಲಿ "1812ರ ಸೈನಿಕ" ಅಂತ ಒಂದು ಸೆಟ್ ಸಿಕ್ಕಿತು. 85 ಡಾಲರ್. ನೀಲಿ ಕೋಟು, ಕೆಂಪು ಕಾಲರ್, ಎದೆ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ, ಎತ್ತರದ ಕಪ್ಪು ಟೋಪಿ. ಹುಡುಗ ಹಾಕಿಕೊಂಡು ಮನೆಯೆಲ್ಲ ಮೆರೆದ. ಮೊದಲ ಪ್ರದರ್ಶನಕ್ಕೆ ಒಬ್ಬ ತಾತ ಬಂದಿದ್ದರು. ಹಳೇ ಯುದ್ಧಗಳ ವೇಷ ಹಾಕಿ ತೋರಿಸುವವರು. ಇವನನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆ ಮಗಾ, ಆದರೆ ನೀನು ಮಿಲಿಷಿಯಾ ಅಲ್ಲ, ಖಾಯಂ ಸೈನ್ಯದವನು" ಅಂದರು. ಇವನ ಮುಖ ಬಾಡಿಹೋಯಿತು.

ಎರಡನೇ ಪ್ರದರ್ಶನ ಮೇ ತಿಂಗಳಲ್ಲಿ ಇದೆ. ಊರಿಂದ ಅಮ್ಮ ಬಂದಿದ್ದಾರೆ, ಹೊಲಿಗೆಯಲ್ಲಿ ಎತ್ತಿದ ಕೈ. ಏನು ಹೊಲಿಯಬೇಕು ಹೇಳಿ. ಇನ್ನೊಂದು 85 ಡಾಲರ್ ಖರ್ಚು ಮಾಡೋಕೆ ಯಜಮಾನರು ಬಿಡಲ್ಲ.

ಹಳೇಪೆಟ್ಟಿಗೆ
ತಾತ ಹೇಳಿದ್ದು ಸರಿ, ಅಮ್ಮು ಅವರೇ. ಆದರೆ ಪೂರ್ತಿ ಸರಿಯಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಕಾನೂನು. 1792ರ ಮೇ 8ರ ಮಿಲಿಷಿಯಾ ಕಾಯ್ದೆ. 18ರಿಂದ 45 ವರ್ಷದ ಒಳಗಿನ, ಮೈಕೈ ಗಟ್ಟಿ ಇರುವ ಬಿಳಿ ಗಂಡಸರೆಲ್ಲ ಹೆಸರು ಬರೆಸಬೇಕು. ಬರೆಸಿದ 6 ತಿಂಗಳ ಒಳಗೆ ಸಾಮಾನು ತಾವೇ ಹೊಂದಿಸಿಕೊಳ್ಳಬೇಕು. ಒಳ್ಳೆಯ ಮಸ್ಕೆಟ್ ಕೋವಿ ಒಂದು, ಬಯೋನೆಟ್ ಮತ್ತು ಅದರ ಬೆಲ್ಟು, ಎರಡು ಬಿಡಿ ಚಕಮಕಿ ಕಲ್ಲು, ಬೆನ್ನುಚೀಲ, 24 ತೋಟಾ (ಗುಂಡು, ಮದ್ದು ಸುತ್ತಿದ ಕಾಗದದ ಸುರುಳಿ) ಹಿಡಿಸುವ ಪೆಟ್ಟಿಗೆ ಇರುವ ಚೀಲ. ರೈಫಲ್ ಇರುವವನಾದರೆ ಮದ್ದಿನ ಕೊಂಬು, 20 ಗುಂಡು, ಕಾಲು ಪೌಂಡ್ ಮದ್ದು.

ಈಗ ಈ ಪಟ್ಟಿಯಲ್ಲಿ ಕೋಟು ಎಲ್ಲಿದೆ ಹುಡುಕಿ. ಇಲ್ಲ! ಕುದುರೆ ಪಡೆ, ಫಿರಂಗಿ ಪಡೆಗೆ ಮಾತ್ರ ಒಂದೇ ಥರದ ಬಟ್ಟೆ ಬೇಕು ಅಂತ ಬರೆದಿದ್ದಾರೆ, ಅದೂ ಸ್ವಂತ ಖರ್ಚಿನಲ್ಲಿ. ಮಾಮೂಲಿ ಕಾಲಾಳು ಮಿಲಿಷಿಯಾದವನು ಏನು ಹಾಕಿಕೊಂಡು ಬರಬೇಕು ಅಂತ ಕಾಯ್ದೆ ಒಂದು ಮಾತೂ ಆಡಲ್ಲ.

ಸುಮ್ನೆ_ಓದ್ತೀನಿ
ಕೋವಿನೂ ನಂದೇ, ಬಟ್ಟೆನೂ ನಂದೇ, ಪ್ರಾಣನೂ ನಂದೇ. ಸರ್ಕಾರದ್ದು ಏನು ಮತ್ತೆ?

ಹಳೇಪೆಟ್ಟಿಗೆ
ಒಂದು ಉಪಕಾರ ಮಾಡಿತ್ತು. ಆ ಕೋವಿ, ತೋಟಾ ಚೀಲ ಇವನ್ನೆಲ್ಲ ಸಾಲಕ್ಕಾಗಲಿ ತೆರಿಗೆಗಾಗಲಿ ಜಪ್ತಿ ಮಾಡುವ ಹಾಗಿರಲಿಲ್ಲ. ಎಮ್ಮೆ ಹೋದರೂ ಕೋವಿ ಉಳೀತಿತ್ತು :)

ಆದರೆ ಕೋವಿ ತರದೇ ಇದ್ದವನಿಗೆ ಏನು ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಇಲ್ಲ. ಅದನ್ನು ರಾಜ್ಯಗಳ ಪಾಡಿಗೆ ಬಿಟ್ಟರು. ಹಾಗಾಗಿ ಎಷ್ಟೋ ಜನ ಬರಿಗೈಯಲ್ಲಿ ಬಂದು ನಿಲ್ಲುತ್ತಿದ್ದರು. ಕೊನೆಗೆ 1808ರಲ್ಲಿ ಮಿಲಿಷಿಯಾಗೆ ಕೋವಿ ಕೊಡಿಸೋಕೆ ವರ್ಷಕ್ಕೆ 2 ಲಕ್ಷ ಡಾಲರ್ ಎತ್ತಿಡಬೇಕಾಯಿತು. ಅದೂ ಸಾಲಲಿಲ್ಲ. 1815ರ ಜನವರಿಯಲ್ಲಿ ಕೆಂಟಕಿಯವರು 2,000ಕ್ಕೂ ಜಾಸ್ತಿ ಜನ ನ್ಯೂ ಆರ್ಲಿಯನ್ಸ್ ಕಾಯೋಕೆ ಬಂದರಲ್ಲ, ಅದರಲ್ಲಿ ಹೆಚ್ಚಿನವರ ಕೈಯಲ್ಲಿ ಕೋವಿಯೇ ಇರಲಿಲ್ಲ. ಮೈಮೇಲಿನ ಬಟ್ಟೆ ಹರಿದು ಚಿಂದಿ.

ಗಣಿತದ_ಮೇಷ್ಟ್ರು
ಅದೇ ಕಾಯ್ದೆಯಲ್ಲಿ ಗುಂಡಿನ ಲೆಕ್ಕ ಇದೆ, ಯಾರೂ ಹೇಳಲಿಲ್ಲ. ಒಂದು ಪೌಂಡ್ ಸೀಸಕ್ಕೆ 18 ಗುಂಡು ಬರಬೇಕು. ಅಂದ್ರೆ ಒಂದು ಗುಂಡು ಸುಮಾರು 25 ಗ್ರಾಂ. ಸೀಸದ ಸಾಂದ್ರತೆ ಹಾಕಿ ನೋಡಿದರೆ ಅಡ್ಡಳತೆ 16 ಮಿಲಿಮೀಟರ್ ಚಿಲ್ಲರೆ. ನಾವು ಆಡ್ತಿದ್ದ ಗಾಜಿನ ಗೋಲಿ ಇದೆಯಲ್ಲ, ಅದೇ ಗಾತ್ರ.

ಬಾಸ್ಟನ್_ಬಸವ
ಮೇಷ್ಟ್ರೇ, ಕೋವಿಯ ನಳಿಗೆ 0.69 ಇಂಚು. ಅಂದ್ರೆ ಹದಿನೇಳೂವರೆ ಮಿಲಿಮೀಟರ್. ನಿಮ್ಮ ಲೆಕ್ಕ ತಪ್ಪಿರಬೇಕು.

ಗಣಿತದ_ಮೇಷ್ಟ್ರು
ಲೆಕ್ಕ ತಪ್ಪಿಲ್ಲ ಬಸವ. ಗುಂಡು ನಳಿಗೆಗಿಂತ ಸಣ್ಣ ಇರಲೇಬೇಕು. ಮೇಲಿಂದ ತುಂಬುವ ಕೋವಿ ಅದು. ನಾಲ್ಕು ಸಲ ಹೊಡೆದರೆ ಒಳಗೆ ಮದ್ದಿನ ಮಸಿ ಕಟ್ಟುತ್ತೆ. ಬಿಗಿಯಾದ ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ. ಸಡಿಲ ಇದ್ದರೆ ಬೇಗ ತುಂಬಬಹುದು, ಆದರೆ ಗುರಿ ದೇವರಿಗೇ ಪ್ರೀತಿ.

ಕೋವಿ_ಕುಶಾಲನಗರ
ಮೇಷ್ಟ್ರು ಸರಿ. ನಮ್ಮ ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ಅದೂ ಬಾಯಿಂದ ತುಂಬುವುದೇ. ಮದ್ದು ಸುರಿಯುವುದು, ಮೇಲೆ ತೆಂಗಿನ ನಾರು ಒತ್ತುವುದು, ಚರೆ ಹಾಕುವುದು, ಮತ್ತೆ ನಾರು. ಗಜದಲ್ಲಿ ಜಡಿಯುವಾಗ ಅಜ್ಜ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಇವರದು ಕೇಪು ಬರುವುದಕ್ಕೂ ಮುಂಚಿನ ಕಾಲ. ಕಲ್ಲು ಬಡಿದು ಕಿಡಿ ಹಾರಬೇಕು, ಬಟ್ಟಲಿನ ಮದ್ದು ಹೊತ್ತಬೇಕು, ಅದು ಒಳಗಿನ ಮದ್ದಿಗೆ ತಾಗಬೇಕು. ಮಳೆ ಬಂದರೆ ಮುಗೀತು ಕಥೆ.

ಇನ್ನೊಂದು ಮಾತು. ಮನೆಮನೆಗೂ ಕೋವಿ ಅನ್ನೋದು ನಮ್ಮ ಕೊಡಗಿನವರಿಗೆ ಹೊಸದಲ್ಲ. ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಇಟ್ಟು ಪೂಜೆ ಮಾಡುತ್ತೇವೆ. ಆದರೆ ನಮ್ಮಲ್ಲಿ ಬಟ್ಟೆಯೂ ಇದೆ ಸ್ವಾಮಿ. ಕುಪ್ಯ, ಚೇಲೆ, ಪೀಚೆಕತ್ತಿ. ಇವರು ಬಟ್ಟೆ ಮರೆತುಬಿಟ್ಟರಲ್ಲ!

ದರ್ಜಿ_ಮನೆ
ಬಟ್ಟೆ ಮರೆಯಲಿಲ್ಲ, ಬಟ್ಟೆ ಇತ್ತು. ಅಮ್ಮು ಅವರ ಪ್ರಶ್ನೆಗೆ ನೇರ ಉತ್ತರ: ಹಂಟಿಂಗ್ ಶರ್ಟ್ ಹೊಲಿಯಿರಿ.

ದೊಗಲೆ ಅಂಗಿ. ತೊಡೆಯ ಅರ್ಧದವರೆಗೆ ಬರಬೇಕು. ಮುಂದೆ ತೆರೆದಿರುತ್ತೆ, ಗುಂಡಿ ಬೇಡ, ಒಂದರ ಮೇಲೆ ಒಂದು ಮಡಚಿ ನಡುವಿಗೆ ಬೆಲ್ಟು. ಭುಜದ ಮೇಲೆ ಒಂದು ಪದರ ಜಾಸ್ತಿ, ಮಳೆ ನೀರು ಇಳಿಯಲಿ ಅಂತ. ಒರಟು ಲಿನನ್ ಬಟ್ಟೆ. ಅಂಚಿಗೆಲ್ಲ ಕುಚ್ಚು.

ಈ ಕುಚ್ಚನ್ನು ಅಂಗಡಿಯಿಂದ ತಂದು ಅಂಟಿಸಬೇಡಿ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಸೂಜಿ ತುದಿಯಲ್ಲಿ ಪಟ್ಟಿಯ ಉದ್ದಕ್ಕೆ ಓಡುವ ಎಳೆಗಳನ್ನು ಒಂದೊಂದೇ ಎತ್ತಿ ಎಳೆದು ತೆಗೆಯಿರಿ. ಅಡ್ಡಕ್ಕಿರುವ ಗಿಡ್ಡ ಎಳೆ ಮಾತ್ರ ಉಳಿಯುತ್ತೆ, ಅದೇ ಕುಚ್ಚು. ಅರ್ಧ ಇಂಚಿನಷ್ಟು ನೇಯ್ಗೆ ಹಾಗೇ ಬಿಡಿ, ಅದನ್ನು ಹೊಲಿಗೆ ಒಳಗೆ ಸೇರಿಸಿ. ನಿಮ್ಮ ಅಮ್ಮ ಸೀರೆ ಸೆರಗಿಗೆ ಕುಚ್ಚು ಕಟ್ಟಿದವರಾದರೆ ಹೇಳಿಕೊಡುವುದೇ ಬೇಡ.

ಬಣ್ಣ: ಬಿಳಿ ಬೇಡ. ಅಕ್ರೋಟ್ ಸಿಪ್ಪೆಯಲ್ಲಿ ಅದ್ದಿದ ಕಂದು ಸರಿ.

ಬಾಸ್ಟನ್_ಬಸವ
ತಡೀರಿ ತಡೀರಿ. ಎಲ್ಲರಿಗೂ ಹಂಟಿಂಗ್ ಶರ್ಟ್ ಹೊಲಿಸಬೇಡಿ. ಅದು ಕೆಂಟಕಿ, ಟೆನೆಸಿ, ವರ್ಜೀನಿಯಾದ ಒಳನಾಡಿನ ಕಡೆ ಜಾಸ್ತಿ. 1813ರ ಅಕ್ಟೋಬರ್ 5, ಥೇಮ್ಸ್ ಕದನ. ಕೆಂಟಕಿಯ ಗವರ್ನರ್ ಐಸಾಕ್ ಶೆಲ್ಬಿ ಅರವತ್ತು ದಾಟಿದ ವಯಸ್ಸಿನಲ್ಲಿ ತಾವೇ ಜನ ಕಟ್ಟಿಕೊಂಡು ಹೋದರು. ಅಲ್ಲಿ ನೋಡಿ ಹಂಟಿಂಗ್ ಶರ್ಟಿನ ಸಂತೆ.

ಬ್ಲೇಡೆನ್ಸ್‌ಬರ್ಗ್ ಬೇರೆ. ಅಲ್ಲಿ ಬಾಲ್ಟಿಮೋರ್ ಪಟ್ಟಣದವರು ಇದ್ದರು. ಮಿಲಿಷಿಯಾ ಅಂದ್ರೆ ಒಂದೇ ಜಾತಿ ಅಲ್ಲ. ಹೆಸರು ಬರೆಸಿ ವರ್ಷಕ್ಕೆ ಕೆಲವು ದಿನ ಬಯಲಲ್ಲಿ ನಿಂತು ಹೋಗುವ ಮಾಮೂಲಿ ಮಿಲಿಷಿಯಾ ಒಂದು. ಪಟ್ಟಣದ ವ್ಯಾಪಾರಿ, ವಕೀಲರ ಮಕ್ಕಳು ಚಂದಾ ಹಾಕಿ ಕಟ್ಟಿಕೊಂಡ ವಾಲಂಟಿಯರ್ ಕಂಪನಿ ಇನ್ನೊಂದು. ಈ ಎರಡನೆಯವರು ದರ್ಜಿಗೆ ಸುರಿದ ದುಡ್ಡಿಗೆ ಲೆಕ್ಕ ಇಲ್ಲ. ಗರಿ ಏನು, ಜರಿ ಏನು. ಖಾಯಂ ಸೈನ್ಯದವರೇ ನೋಡಿ ಹೊಟ್ಟೆ ಉರಿದುಕೊಳ್ಳಬೇಕು.

ಜಾನ್ ಪೆಂಡಲ್ಟನ್ ಕೆನಡಿ ಅಂತ ಒಬ್ಬ, ಆಗ ವಯಸ್ಸು 18. ಬಾಲ್ಟಿಮೋರಿನ 5ನೇ ರೆಜಿಮೆಂಟಿನವನು. ಆಮೇಲೆ ದೇಶದ ನೌಕಾಪಡೆ ಮಂತ್ರಿ ಆದ. ಅವನೇ ಬರೆದುಕೊಂಡಿದ್ದಾನೆ: ಆಗಸ್ಟಿನ ಸುಡು ಬಿಸಿಲಲ್ಲಿ ಚಳಿಗಾಲದ ಉಣ್ಣೆ ಸಮವಸ್ತ್ರ, ತಲೆ ಮೇಲೆ ದಪ್ಪ ಚರ್ಮದ ಹೆಲ್ಮೆಟ್ಟು, ಅದಕ್ಕೆ ಗರಿ ಬೇರೆ. ಬೆನ್ನುಚೀಲದಲ್ಲಿ ಒಂದು ಜೊತೆ ಕುಣಿಯೋಕೆ ಹಾಕುವ ತೆಳು ಬೂಟು! ಯಾಕೆ? ಬ್ರಿಟಿಷರನ್ನು ಸೋಲಿಸಿದ ಮೇಲೆ ಅಧ್ಯಕ್ಷ ಮ್ಯಾಡಿಸನ್ ತಮ್ಮ ಮನೆಗೆ ಕುಣಿತಕ್ಕೆ ಕರೆದೇ ಕರೀತಾರೆ, ಆಗ ಬೇಕಾಗುತ್ತೆ ಅಂತ. ಹಿಂದಿನ ರಾತ್ರಿ ಕಾಲು ಊದಿಕೊಂಡು ಬೂಟು ಬಿಚ್ಚಿದ್ದ. ಕತ್ತಲಲ್ಲಿ ಗಲಾಟೆ ಆಯಿತು, ಕೈಗೆ ಸಿಕ್ಕಿದ್ದು ಈ ಬೂಟು. ಅದನ್ನೇ ಹಾಕಿಕೊಂಡು ಮರುದಿನ ಯುದ್ಧ ಮಾಡಿದ.

ಹಾಗಾಗಿ ಆ ತಾತನಿಗೆ ಹೇಳಿ, ಮಗ ಬಾಲ್ಟಿಮೋರ್ ವಾಲಂಟಿಯರ್ ಅಂತ.

ಹಾಸನದ_ಅಮ್ಮು
ಅಯ್ಯೋ, ಇದನ್ನ ಮಗನಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕ. ಆದರೆ ನಾಟಕದಲ್ಲಿ ಅವನು ಹಳ್ಳಿ ರೈತ. ಕಂಪನಿ ಕಟ್ಟೋ ಶ್ರೀಮಂತ ಅಲ್ಲ.

ಹಳೇಪೆಟ್ಟಿಗೆ
ನಾನು ಆಮೇಲೆ ಬರ್ತೀನಿ ಅಂದಿದ್ದೇ ಇದಕ್ಕೆ, ಬಸವ ಮೊದಲೇ ಹೇಳಿಬಿಟ್ಟರು.

ರೈತ ಅಂದಮೇಲೆ ಸುಲಭ. ಅವನು ಹೊಲಕ್ಕೆ ಹೋಗುವ ಬಟ್ಟೆಯಲ್ಲೇ ಬಂದ ಅಂದುಕೊಳ್ಳಿ. ಅಗಲ ಅಂಚಿನ ದುಂಡು ಟೋಪಿ, ಬಿಳಿ ಅಂಗಿ, ಗಿಡ್ಡ ಜಾಕೆಟ್ಟು ಅಥವಾ ವೇಸ್ಟ್‌ಕೋಟ್, ಉದ್ದ ಪ್ಯಾಂಟು. ಮೊಣಕಾಲಿನ ಚಡ್ಡಿ ಆ ಹೊತ್ತಿಗೆ ಹಳೇ ಕಾಲದವರದ್ದಾಗಿತ್ತು. ಟೋಪಿಗೆ ಒಂದು ಕಪ್ಪು ಕಾಕೇಡ್ ಚುಚ್ಚಿ. ಅದು ಚರ್ಮದಲ್ಲಿ ಮಾಡಿದ ಬಿಲ್ಲೆ, ನಡುವೆ ಸಣ್ಣ ಹದ್ದು. ಬಟ್ಟೆ ಏನೇ ಇರಲಿ, ಇವನು ನಮ್ಮ ಕಡೆಯವನು ಅಂತ ಗೊತ್ತಾಗೋಕೆ ಅಷ್ಟು ಸಾಕು.

ಇವನು ಬರೀ ರೈತ ಅಲ್ಲ, ಮಿಲಿಷಿಯಾದವನು ಅಂತ ಹೇಳೋದು ಸಾಮಾನೇ. ತೋಟಾ ಚೀಲ, ಅದರ ಪಟ್ಟಿ, ಬೆನ್ನುಚೀಲ, ಸುತ್ತಿದ ಕಂಬಳಿ, ಮರದ ನೀರಿನ ಡಬ್ಬಿ. ಬಿಳಿ ಪಟ್ಟಿ ಬೇಡ, ಮಾಮೂಲಿ ಕಪ್ಪು ಚರ್ಮ ಸಾಕು. ತೋಟಾ ಪೆಟ್ಟಿಗೆ ಒಳಗೆ ಏನಿರುತ್ತೆ ಗೊತ್ತಾ? ಅಳಗುಳಿಮಣೆ ಥರ ತೂತು ಕೊರೆದ ಮರದ ತುಂಡು. ಒಂದೊಂದು ತೂತಿಗೂ ಒಂದೊಂದು ತೋಟಾ. ಮೇಲೆ ಚರ್ಮದ ಮುಚ್ಚಳ, ಮಳೆ ತಾಗದ ಹಾಗೆ.

ಪಟ್ಟಣದ_ಹುಡುಗ
ಬ್ಲೇಡೆನ್ಸ್‌ಬರ್ಗ್ ವಿಷಯ ಬಂದು ಇಷ್ಟು ಹೊತ್ತಾಯಿತು, ಯಾರೂ ಮುಖ್ಯ ಮಾತೇ ಎತ್ತಲಿಲ್ಲ. ಆ ಮಿಲಿಷಿಯಾ ಓಡಿದ್ದು ನಮ್ಮ ಶ್ರೀರಂಗಪಟ್ಟಣದ ರಾಕೆಟ್ಟಿಗೆ ಹೆದರಿ! ಟಿಪ್ಪು ರಾಕೆಟ್ಟೇ ವಾಷಿಂಗ್ಟನ್ ಸುಟ್ಟಿದ್ದು. ಇದನ್ನ ಶಾಲೆ ನಾಟಕದಲ್ಲಿ ಹಾಕ್ಸಿ ಅಕ್ಕಾ.

ಹಳೇಪೆಟ್ಟಿಗೆ
ಅರ್ಧ ನಿಜ ಹುಡುಗಾ. 1792 ಮತ್ತು 1799ರ ಯುದ್ಧಗಳಲ್ಲಿ ಬ್ರಿಟಿಷರು ಮೈಸೂರಿನ ಕಬ್ಬಿಣದ ಕೊಳವೆ ರಾಕೆಟ್ಟುಗಳ ಏಟು ತಿಂದಿದ್ದರು. ಸಿಕ್ಕಿದ್ದನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಅದರ ಜಾಡು ಹಿಡಿದು ತನ್ನದೇ ರಾಕೆಟ್ ಮಾಡಿದ. ಬ್ಲೇಡೆನ್ಸ್‌ಬರ್ಗಿನಲ್ಲಿ ಹಾರಿದ್ದು ಕಾಂಗ್ರೀವ್ ರಾಕೆಟ್. ನಮ್ಮದರ ಮೊಮ್ಮಗ ಅನ್ನಿ, ಒಪ್ಪೋಣ.

ಅದರಿಂದ ಸತ್ತವರು ಕಡಿಮೆ. ಹೆದರಿದವರು ಜಾಸ್ತಿ. ಕಿರುಚಿಕೊಂಡು, ಬೆಂಕಿ ಬಾಲ ಎಳೆದುಕೊಂಡು, ಯಾವ ಕಡೆ ತಿರುಗುತ್ತೋ ಗೊತ್ತಿಲ್ಲದ ಹಾಗೆ ಬರುತ್ತಿತ್ತು. ಮೊನ್ನೆ ಮೊನ್ನೆ ನೇಗಿಲು ಬಿಟ್ಟು ಬಂದವನು ನಿಲ್ತಾನಾ? ಆಮೇಲೆ ಜನ ಇದನ್ನು "ಬ್ಲೇಡೆನ್ಸ್‌ಬರ್ಗ್ ಓಟದ ಪಂದ್ಯ" ಅಂತ ಆಡಿಕೊಂಡರು. ವಾಷಿಂಗ್ಟನ್ನಿಗೆ ಬೆಂಕಿ ಇಟ್ಟವರು ಸಿಪಾಯಿಗಳು, ರಾಕೆಟ್ ಮಾತ್ರ ಅಂತ ಹೇಳೋದು ಜಾಸ್ತಿ ಆಯ್ತು.

ಮಲೆನಾಡ_ಮಳೆ
ರಾಕೆಟ್ ಅಂದಮೇಲೆ ನಮ್ಮ ಹೊಸನಗರದ ಬಿದನೂರು ನಗರ ಬಿಡೋ ಹಾಗಿಲ್ಲ. 2018ರಲ್ಲಿ ಕೋಟೆ ಹತ್ತಿರದ ಒಂದು ಬಾವಿಯಲ್ಲಿ 1,000ಕ್ಕೂ ಜಾಸ್ತಿ ರಾಕೆಟ್ ಸಿಕ್ಕಿದವು. ಕೆಸರಲ್ಲಿ ಹೂತಿದ್ದವು. ಶಿವಮೊಗ್ಗದಲ್ಲಿ ಹೋಗಿ ನೋಡಿದೆ. ಕೈಯಳತೆಯ ತುಕ್ಕು ಹಿಡಿದ ಕೊಳವೆ ಅಷ್ಟೆ. ಅದನ್ನ ನೋಡಿ ಯಾರೂ ಓಡಲ್ಲ, ಹಾರಿದಾಗ ಮಾತ್ರ ಗೊತ್ತಾಗೋದು.

ಬಾಸ್ಟನ್_ಬಸವ
ಇನ್ನೂ ಒಂದು ನಂಟು ಇದೆ, ಕೇಳಿ. ಆವತ್ತು ಮಿಲಿಷಿಯಾ ಓಡಿದ ಮೇಲೂ ರಸ್ತೆಯಲ್ಲಿ ಗಟ್ಟಿಯಾಗಿ ನಿಂತವರು ಅಮೆರಿಕದ ನೌಕಾ ನಾಯಕ ಜೋಷುವಾ ಬಾರ್ನಿಯ ನಾವಿಕರು ಮತ್ತು ನೌಕಾಪಡೆಯ ಮರೀನ್‌ಗಳು. ಸುಮಾರು 500 ಜನ, ಜೊತೆಗೆ ಹಡಗಿನ ಫಿರಂಗಿ. ಬಾರ್ನಿಗೆ ತೊಡೆಗೆ ಗುಂಡು ಬಿತ್ತು, ಸೆರೆ ಸಿಕ್ಕ.

ಇದೇ ಬಾರ್ನಿ 32 ವರ್ಷ ಹಿಂದೆ, 1782ರ ಏಪ್ರಿಲ್‌ನಲ್ಲಿ, ಡೆಲಾವೇರ್ ಕೊಲ್ಲಿಯಲ್ಲಿ "ಜನರಲ್ ಮಂಕ್" ಅನ್ನೋ ಬ್ರಿಟಿಷ್ ಹಡಗು ಹಿಡಿದಿದ್ದ. ಅವನ ಹಡಗಿನ ಹೆಸರೇನು ಹೇಳಿ ನೋಡೋಣ? "ಹೈದರ್ ಅಲಿ"! ಪೆನ್ಸಿಲ್ವೇನಿಯಾದವರು ನಮ್ಮ ಹೈದರನ ಹೆಸರು ಇಟ್ಟಿದ್ದರು. ಬ್ರಿಟಿಷರಿಗೆ ಆಗದವನು ತಮಗೆ ಬೇಕಾದವನು, ಅಷ್ಟೇ ಲೆಕ್ಕ.

ಪಟ್ಟಣದ_ಹುಡುಗ
ಮೈ ಜುಮ್ ಅಂತು ಗುರು.

ಗಣಿತದ_ಮೇಷ್ಟ್ರು
ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಕೂಡ ಸೇರಿಸಿ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಲ್ಲಿ ಸೋತು ಶರಣಾದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಗೆದ್ದ.

ಕಟ್ಟಾಭಿಮಾನಿ_77
ಟಿಪ್ಪು ವಿಷಯ ಬಂತಲ್ಲ, ಈಗ ನಾನೂ ನಾಲ್ಕು ಮಾತು ಹೇಳಲೇಬೇಕು...

ನಿರ್ವಾಹಕ
ಬೇಡ. ಆ ಜಗಳಕ್ಕೆ ಬೇರೆ ಮೂರು ಎಳೆ ಇವೆ, ಮೂರಕ್ಕೂ ಬೀಗ ಹಾಕಿದ್ದೇನೆ. ಇಲ್ಲಿ ಅಂಗಿ, ಟೋಪಿ, ಚೀಲ ಮಾತ್ರ.

ಎನ್‌ಸಿಸಿ_ನಾಗರಾಜ
ಟೋಪಿ ಅಂದಮೇಲೆ ನೆನಪಾಯಿತು. ನಾವು ಕಾಲೇಜಲ್ಲಿ ಎನ್‌ಸಿಸಿ ಸೇರಿದಾಗ ಕೊಟ್ಟ ಬೂಟು ಎರಡೂ ಎಡಗಾಲಿನದು. ವಾಪಸ್ ಕೊಡೋಕೆ ಹೋದರೆ "ಮುಂದಿನ ವರ್ಷ ನೋಡೋಣ" ಅಂದರು. ಒಂದು ವರ್ಷ ಎರಡೂ ಎಡಗಾಲಲ್ಲಿ ಪರೇಡ್ ಮಾಡಿದೆ. ಆ ಅಮೆರಿಕದವರ ಗೋಳು ನನಗೆ ಅರ್ಥ ಆಗುತ್ತೆ.

ದರ್ಜಿ_ಮನೆ
ನಾಗರಾಜ್ ಸಾರ್, ಆ ಕಾಲದ ಬೂಟು ಹೆಚ್ಚಿನವು ಎಡ ಬಲ ಅಂತ ಬೇರೆ ಬೇರೆ ಇರುತ್ತಿರಲಿಲ್ಲ. ಎರಡೂ ನೆಟ್ಟಗೆ, ಯಾವ ಕಾಲಿಗಾದರೂ ಹಾಕಬಹುದು. ನಿಮ್ಮ ಬೂಟು 1812ಕ್ಕೆ ಸರಿಯಾಗಿತ್ತು.

ಎನ್‌ಸಿಸಿ_ನಾಗರಾಜ
😂 40 ವರ್ಷ ಆದಮೇಲೆ ಸಮಾಧಾನ ಆಯಿತು.

ಕಾವೇರಿ_ತೀರ
ಒಂದು ಅನುಮಾನ. ಅಮೆರಿಕದ ಸೈನ್ಯ ನೀಲಿ, ಬ್ರಿಟಿಷರು ಕೆಂಪು. ಹಾಗಾದರೆ ಮಿಲಿಷಿಯಾದವರು ನೀಲಿ ಕೋಟೇ ಕೊಂಡುಕೊಂಡರೆ ಆಗ್ತಿತ್ತಲ್ಲ? ಗೊಂದಲ ಯಾಕೆ?

ಬಾಸ್ಟನ್_ಬಸವ
ನೀಲಿ ಉಣ್ಣೆ ಬಟ್ಟೆ ಬರ್ತಿದ್ದದ್ದು ಎಲ್ಲಿಂದ? ಬ್ರಿಟನ್ನಿಂದ! 1807ರಿಂದ ಅವರ ಜೊತೆ ವ್ಯಾಪಾರವೇ ಒಂದು ದಿನ ಇದೆ, ಒಂದು ದಿನ ಇಲ್ಲ. 1812ರಲ್ಲಿ ಯುದ್ಧ ಶುರುವಾಯಿತು, ಅಂಗಡಿ ಬಾಗಿಲು ಮುಚ್ಚಿತು. ಶತ್ರು ಹತ್ತಿರ ಬಟ್ಟೆ ಕೊಂಡು ಶತ್ರು ಮೇಲೇ ಹೋಗಬೇಕು ಅಂದ್ರೆ ಆಗುತ್ತಾ. ಖಾಯಂ ಸೈನ್ಯಕ್ಕೇ ನೀಲಿ ಸಿಗದೆ ಕಂದು, ಕಪ್ಪು, ಬೂದು ಅಂತ ಸಿಕ್ಕ ಬಟ್ಟೆಯಲ್ಲಿ ಕೋಟು ಹೊಲಿಸಿದರು.

ಇದರಿಂದ ಒಂದು ಮಜಾ ಆಯಿತು. 1814ರ ಜುಲೈ 5, ನಯಾಗರದ ಹತ್ತಿರ ಚಿಪ್ಪವಾ. ಅಮೆರಿಕದ ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನ ಖಾಯಂ ಪಡೆಗೆ ನೀಲಿ ಬರಲಿಲ್ಲ, ಬೂದು ಜಾಕೆಟ್ ಬಂತು. ಬ್ರಿಟಿಷ್ ಜನರಲ್ ರಿಯಲ್ ದೂರದಿಂದ ಬೂದು ನೋಡಿ "ಓ, ಮಿಲಿಷಿಯಾ" ಅಂತ ಹಗುರ ಮಾಡಿದ. ಫಿರಂಗಿ ಗುಂಡು ಬಿದ್ದರೂ ಸಾಲು ಕದಲದೆ ಬಂದದ್ದು ನೋಡಿ, ದೇವರಾಣೆ ಇವರು ಖಾಯಂ ಸೈನ್ಯ ಅಂತ ಕೂಗಿದನಂತೆ. ಅದರ ನೆನಪಿಗೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಹುಡುಗರಿಗೆ ಬೂದು ಬಟ್ಟೆ.

ಹಳೇಪೆಟ್ಟಿಗೆ
ರಿಯಲ್ ಕೂಗಿದ್ದು ಯಾರ ಕಿವಿಗೆ ಬಿತ್ತು? ಆ ಮಾತನ್ನ ಬರೆದಿಟ್ಟದ್ದು ಗೆದ್ದ ಸ್ಕಾಟ್ ಸಾಹೇಬರೇ. ಇನ್ನು ವೆಸ್ಟ್ ಪಾಯಿಂಟ್: 1816ರಲ್ಲಿ ಬೂದು ಬಂತು ನಿಜ, ಆದರೆ ಆಗ ಮೇಲಿನವರು ಕೊಟ್ಟ ಕಾರಣ, ಬೂದು ಬಟ್ಟೆಯ ಬೆಲೆ ಹುಡುಗರ ಜೇಬಿಗೆ ಹೊಂದುತ್ತೆ ಅನ್ನೋದು. ಚಿಪ್ಪವಾ ಕಥೆ ಚೆನ್ನಾಗಿದೆ ಅಂತ ಉಳಿದುಕೊಂಡಿತು.

ಬಾಸ್ಟನ್_ಬಸವ
ನಿಮಗೆ ಯಾವ ಕಥೆನೂ ಇಷ್ಟ ಆಗಲ್ಲ ಬಿಡಿ.

ಹಳೇಪೆಟ್ಟಿಗೆ
ಕುಣಿಯೋ ಬೂಟಿನ ಕಥೆ ಇಷ್ಟ ಆಯಿತಲ್ಲ.

ಅಂದಹಾಗೆ ಕಾವೇರಿ ಅವರೇ, ಎಲ್ಲ ಮಿಲಿಷಿಯಾನೂ ನೀಲಿ ಬೇಕು ಅಂತಿರಲಿಲ್ಲ. ಕನೆಕ್ಟಿಕಟ್ ಗವರ್ನರ್‌ರ ಫುಟ್ ಗಾರ್ಡ್ 1771ರಲ್ಲಿ ಶುರುವಾದದ್ದು. ಅವರದು ಕೆಂಪು ಕೋಟು. ಸ್ವಾತಂತ್ರ್ಯ ಬಂದ ಮೇಲೂ ಕೆಂಪೇ, ಇವತ್ತಿಗೂ ಮೆರವಣಿಗೆಯಲ್ಲಿ ಕೆಂಪೇ.

ಸುಮ್ನೆ_ಓದ್ತೀನಿ
ಯುದ್ಧದಲ್ಲಿ ಅವರ ಕಡೆಯವರೇ ಹೊಡೆದುಬಿಟ್ಟರೆ?

ಡೆಟ್ರಾಯಿಟ್_ದೀಪಾ
ಅಮ್ಮು, ಬಟ್ಟೆ ಎಲ್ಲ ಸರಿ, ಕೋವಿ ಏನು ಮಾಡ್ತೀರಿ? ಮರದ್ದಾಗಲಿ, ಪ್ಲಾಸ್ಟಿಕ್ ಆಗಲಿ, ಶಾಲೆಗೆ ಕಳಿಸೋ ಮುಂಚೆ ನೂರು ಸಲ ಯೋಚಿಸಿ. ನಮ್ಮ ಅಕ್ಕಪಕ್ಕದ ಮನೆ ಮಗು ಆಟದ ಪಿಸ್ತೂಲು ಚೀಲದಲ್ಲಿ ಮರೆತು ಹೋಗಿದ್ದಕ್ಕೆ ಅಪ್ಪ ಅಮ್ಮನನ್ನು ಕರೆಸಿ ಎರಡು ಗಂಟೆ ಕೂರಿಸಿದ್ದರು.

ಹಾಸನದ_ಅಮ್ಮು
ಸರಿಯಾಗಿ ನೆನಪಿಸಿದ್ರಿ. ಇವತ್ತೇ ಶಾಲೆಯಿಂದ ಕಾಗದ ಬಂತು. ಕೋವಿಯ ಆಕಾರದ ಯಾವ ವಸ್ತುವೂ ಬೇಡ ಅಂತ. ಕೋವಿ ಇಲ್ಲದೆ ಮಿಲಿಷಿಯಾದವನು ಹೇಗೆ?

ದರ್ಜಿ_ಮನೆ
ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ! ಕೋವಿ ಇಲ್ಲದ ಮಿಲಿಷಿಯಾದವನೇ ಅಸಲಿ. ಕವಾಯತಿನ ದಿನ ಕೋವಿ ಇಲ್ಲದವರು ಮುಸುಕಿನ ಜೋಳದ ದಂಟು ಹೆಗಲಿಗೆ ಇಟ್ಟುಕೊಂಡು ಬರುತ್ತಿದ್ದರು. ಪೊರಕೆ ಕೋಲು, ಛತ್ರಿ ಕೂಡ. "ದಂಟಿನ ಮಿಲಿಷಿಯಾ" ಅಂತಲೇ ಅಡ್ಡಹೆಸರು ಬಿದ್ದಿತ್ತು. ಮಗನ ಕೈಗೆ ದಂಟು ಕೊಡಿ. ಆ ತಾತ ಎದ್ದು ನಿಂತು ಸಲಾಂ ಹೊಡೀತಾರೆ.

ಬಾಸ್ಟನ್_ಬಸವ
ದಂಟು ಅಂದಮೇಲೆ ಕರ್ನಲ್ ಪ್ಲಕ್ ಕಥೆ ಹೇಳಲೇಬೇಕು. 1825, ಫಿಲಡೆಲ್ಫಿಯಾ. ಕಡ್ಡಾಯ ಕವಾಯತು ಅಂದ್ರೆ ಜನಕ್ಕೆ ಬೇಜಾರು ಹತ್ತಿತ್ತು. ಕೂಲಿ ಬಿಟ್ಟು ಬರಬೇಕು, ಬರದಿದ್ದರೆ ದಂಡ. ಮಿಲಿಷಿಯಾದಲ್ಲಿ ಅಧಿಕಾರಿಗಳನ್ನು ಮತ ಹಾಕಿ ಆರಿಸುತ್ತಿದ್ದರಲ್ಲ, 84ನೇ ರೆಜಿಮೆಂಟಿನವರು ಏನು ಮಾಡಿದರು? ಬೇಕಂತಲೇ ಜಾನ್ ಪ್ಲಕ್ ಅನ್ನೋ ಕುದುರೆ ಲಾಯದ ಆಳನ್ನು ಕರ್ನಲ್ ಮಾಡಿದರು. ತಲೆ ಮೇಲೆ ಮೊರದಂಥ ಟೋಪಿ, ನಡುವಿಗೆ ಭಾರಿ ಕತ್ತಿ, ಕಾಲಿಗೆ ದೊಡ್ಡ ದೊಡ್ಡ ಮುಳ್ಳಿನ ಸ್ಪರ್, ಮುದಿ ಬಿಳಿ ಕುದುರೆ. ಹಿಂದೆ ಇಡೀ ರೆಜಿಮೆಂಟು ದಂಟು, ಪೊರಕೆ ಕೋಲು ಹಿಡಿದು ಹೊರಟಿತು. ಊರೆಲ್ಲ ನಗು.

ನಗುವಿನ ಒಳಗೆ ಸಿಟ್ಟೂ ಇತ್ತು. ಶ್ರೀಮಂತರು ದಂಡ ಕಟ್ಟಿ ತಪ್ಪಿಸಿಕೊಳ್ತಾರೆ, ಇಲ್ಲ ಗರಿ ಟೋಪಿ ಕಂಪನಿ ಸೇರ್ತಾರೆ. ದಿನಗೂಲಿಯವನು ಮಾತ್ರ ಬಿಸಿಲಲ್ಲಿ ನಿಲ್ಲಬೇಕು.

ಕೋವಿ_ಕುಶಾಲನಗರ
ಮಿಲಿಷಿಯಾನ ಬರೀ ಗೇಲಿ ಮಾಡ್ತಾ ಇದ್ದೀರಿ ಎಲ್ಲರೂ. ಬ್ಲೇಡೆನ್ಸ್‌ಬರ್ಗ್ ಆಗಿ ಮೂರು ವಾರಕ್ಕೆ, ಸೆಪ್ಟೆಂಬರ್ 12ರಂದು ನಾರ್ತ್ ಪಾಯಿಂಟಲ್ಲಿ ಬ್ರಿಟಿಷ್ ಜನರಲ್ ರಾಸ್ ಗುಂಡು ತಗುಲಿ ಸತ್ತ. ಹೊಡೆದವರು ಇದೇ ಮೇರಿಲ್ಯಾಂಡ್ ಮಿಲಿಷಿಯಾ. ಕುಣಿಯೋ ಬೂಟಿನ 5ನೇ ರೆಜಿಮೆಂಟೂ ಅಲ್ಲಿ ನಿಂತು ಕಾದಾಡಿತು. ಬಾಲ್ಟಿಮೋರ್ ಉಳಿಯಿತು. ನ್ಯೂ ಆರ್ಲಿಯನ್ಸಿನಲ್ಲಿ ಸ್ವತಂತ್ರ ಕಪ್ಪು ಜನರ ಎರಡು ಬೆಟಾಲಿಯನ್ ನಿಂತಿದ್ದವು. ಕಾಯ್ದೆ ಅವರನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ. ಅದನ್ನೂ ಹೇಳಿ.

ಹಳೇಪೆಟ್ಟಿಗೆ
ಒಪ್ಪಿದೆ. ಹೇಳಬೇಕಿತ್ತು.

ಹಾಸನದ_ಅಮ್ಮು
ಸದ್ಯದ ವರದಿ. ಅಂಗಿಗೆ ಲಿನನ್ ಕೇಳಿದರೆ ಗಜಕ್ಕೆ 18 ಡಾಲರ್ ಅಂದರು. ಅಮ್ಮ ಸೂಟ್‌ಕೇಸಿಂದ ದಪ್ಪ ಖಾದಿ ಬಟ್ಟೆ ತೆಗೆದರು, ಅಳಿಯನಿಗೆ ಜುಬ್ಬಾ ಹೊಲಿಯೋಕೆ ತಂದಿದ್ದಂತೆ. ಅಕ್ರೋಟ್ ಸಿಪ್ಪೆಗೆ ಎಲ್ಲಿ ಹೋಗಲಿ? ಕಾಫಿ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ನೆನೆಹಾಕಿದರು. ಒಳ್ಳೇ ಕಂದು ಬಂದಿದೆ. ಈಗ ಕೂತು ಎಳೆ ಎಳೀತಾ ಇದ್ದಾರೆ, ಕುಚ್ಚಿಗೆ. ಹಳ್ಳಿ ರೈತನಿಗೆ ಕುಚ್ಚಿನ ಅಂಗಿ ಆಗುತ್ತೋ ಇಲ್ವೋ, ಮಗನಿಗೆ ಅದೇ ಬೇಕಂತೆ.

ದರ್ಜಿ_ಮನೆ
ಕುಚ್ಚು ಓಕೆ. ಆದರೆ ಖಾದಿ ಹತ್ತಿ! ಲಿನನ್ ಅಲ್ಲ! ಹತ್ತಿರದಿಂದ ನೋಡಿದರೆ ಗೊತ್ತಾಗುತ್ತೆ.

ಬಾಸ್ಟನ್_ಬಸವ
ಬಿಡಿ ಸ್ವಾಮಿ. ಆ ಕಾಲದಲ್ಲಿ ಸೇಲಂ, ಬಾಸ್ಟನ್ ಹಡಗುಗಳು ಕಲ್ಕತ್ತೆಯಿಂದ ಒರಟು ಹತ್ತಿ ಬಟ್ಟೆ ಮೂಟೆಗಟ್ಟಲೆ ತರುತ್ತಿದ್ದವು. ಅಗ್ಗ ಅಂತ ಬಡವರು ಹಾಕುತ್ತಿದ್ದರು. ಎಷ್ಟು ಬರ್ತಿತ್ತು ಅಂದ್ರೆ, ಇಲ್ಲಿನ ಮಿಲ್ಲಿನವರು ಗೋಳಾಡಿ 1816ರಲ್ಲಿ ಅದರ ಮೇಲೆ ಭಾರಿ ಸುಂಕ ಹಾಕಿಸಿದರು. 1814ರ ರೈತನ ಮೈಮೇಲೆ ಇಂಡಿಯಾದ ಹತ್ತಿ ಬಟ್ಟೆ ಇದ್ದರೆ ತಪ್ಪೇನು?

ದರ್ಜಿ_ಮನೆ
ಯುದ್ಧದ ಎರಡು ವರ್ಷ ಕಡಲು ಮುಚ್ಚಿತ್ತಲ್ಲ, ಆಗ ಎಲ್ಲಿಂದ ಬಂತು ಬಟ್ಟೆ?

ಬಾಸ್ಟನ್_ಬಸವ
ಹಳೇ ಅಂಗಿ! ರೈತ ವರ್ಷಕ್ಕೊಂದು ಅಂಗಿ ಹೊಲಿಸ್ತಾನಾ?

ಗಣಿತದ_ಮೇಷ್ಟ್ರು
ತೋಟಾ ಮಾಡ್ತೀರಾ ಅಮ್ಮು? ಗೋಲಿ ಒಂದು, ಅದರ ಮೇಲೆ ಮೂರು ಒಣ ಬಟಾಣಿ. ಅಮೆರಿಕದವರು ದೊಡ್ಡ ಗುಂಡಿನ ಜೊತೆ ಮೂರು ಚರೆ ಸೇರಿಸುತ್ತಿದ್ದರು. ಮದ್ದಿಗೆ ಬದಲು ರವೆ ಹಾಕಿ.

ಹಾಸನದ_ಅಮ್ಮು
ಮುಗಿಯಿತು! ನಿನ್ನೆ ಪ್ರದರ್ಶನ. ಸಾರಿ, ತಡವಾಗಿ ಬರೀತಿದ್ದೇನೆ.

ತೋಟಾ 24 ಮಾಡಿದೆವು, ಮೇಷ್ಟ್ರು ಹೇಳಿದ ಹಾಗೇ. ಪೆನ್ಸಿಲ್ಲಿಗೆ ಕಾಗದ ಸುತ್ತಿ ನೋಡಿದೆ, ಗೋಲಿ ಹಿಡಿಸಲಿಲ್ಲ. ಅಮ್ಮ ಮಣೆ ಮೇಲೆ ಕೂತು ಲಟ್ಟಣಿಗೆ ಹಿಡಿಗೆ ಸುತ್ತಿ, ಬಾಯಿ ತಿರುಚಿ, ಹೂ ಕಟ್ಟುವ ದಾರದಲ್ಲಿ ಬಿಗಿದರು. ದೀಪದ ಬತ್ತಿ ಹೊಸೆಯುವವರ ಬೆರಳು ಅದು, ಒಂದೂ ಬಿಚ್ಚಲಿಲ್ಲ. ಮಗ ವೇದಿಕೆ ಮೇಲೆ ಹಲ್ಲಲ್ಲಿ ಕಚ್ಚಿ ಹರಿದ. ಬಾಯಿ ತುಂಬ ರವೆ. ಮಾತು ಹೇಳೋಕೆ ಆಗದೆ ಕೆಮ್ಮಿದ. ಜನ ಚಪ್ಪಾಳೆ ಹೊಡೆದರು.

ದಂಟು ಸಿಗಲಿಲ್ಲ. ಮೇ ತಿಂಗಳಲ್ಲಿ ಜೋಳ ಇನ್ನೂ ಗೇಣುದ್ದ. ಪೊರಕೆ ಕೋಲೇ ಹೆಗಲೇರಿತು.

ತಾತನೂ ಬಂದಿದ್ದರು. ಅಂಗಿಯ ಕುಚ್ಚು ಹಿಡಿದು ಎಳೆ ಎಣಿಸಿದರು. ಒಳಮೈ ಹೊಲಿಗೆ ತಿರುಗಿಸಿ ನೋಡಿದರು. ಅಮ್ಮನ ಕೈ ಕುಲುಕಿದರು. ಆಮೇಲೆ ಮೂಗು ಅಂಗಿ ಹತ್ತಿರ ತಂದು, "ಯಾಕೆ ಕಾಫಿ ವಾಸನೆ?" ಅಂದರು.

ದರ್ಜಿ_ಮನೆ
ಹತ್ತಿ ಅಂತ ಕಂಡುಹಿಡಿದರಾ?

ಹಾಸನದ_ಅಮ್ಮು
ಇಲ್ಲ :)

ಇನ್ನೊಂದು ವಿಷಯ. ನೀಲಿ ಕೋಟು, ಎತ್ತರದ ಟೋಪಿ, ಬಿಳಿ ಪಟ್ಟಿ, ಒಂದೇ ಸಲ ಹಾಕಿದ್ದು. 85 ಕೊಟ್ಟದ್ದು, 40ಕ್ಕೆ ಕೊಡ್ತೀನಿ. ಯಾರಿಗಾದರೂ ಬೇಕಾ?

ಎನ್‌ಸಿಸಿ_ನಾಗರಾಜ
ಬೂಟು ಇದೆಯಾ ಜೊತೆಗೆ?